ಮರದ ನೆಲಕ್ಕೆ ಕಡಿಮೆ ವಾಸನೆಯ ಮೆರುಗು

ಗಟ್ಟಿಮರದ ಹಲಗೆ ಹಾಸಿದ ಹೊಸ ನೆಲವನ್ನು ನೀರು, ಕಲೆ, ಸವೆತಗಳಿಂದ ಕಾಪಾಡಲು ಬಳಿಯುವ ಪಾರದರ್ಶಕ ಲೇಪನಕ್ಕೆ ಮೆರುಗು ಎಂದು ಹೆಸರು. ಬಡಗಿಗಳ ಬಾಯಲ್ಲಿ ಇದು ‘ಪಾಲಿಷ್’. ಬಳಿಯುವಾಗಲೂ ಒಣಗುವಾಗಲೂ ಕೋಣೆಯ ಗಾಳಿಗೆ ಕಡಿಮೆ ಆವಿ ಬಿಡುವ ಮೆರುಗುಗಳನ್ನು ಕಡಿಮೆ ವಾಸನೆಯವು ಎಂದು ಮಾರಲಾಗುತ್ತದೆ. ನೀರು ಆಧಾರಿತ ಪಾಲಿಯುರೆಥೇನ್, ದ್ರಾವಕವಿಲ್ಲದ ಎಣ್ಣೆ–ಮೇಣದ ಮಿಶ್ರಣ ಮತ್ತು ಕಾರ್ಖಾನೆಯಲ್ಲೇ ಮೆರುಗು ಹಾಕಿ ಬರುವ ಹಲಗೆಗಳು ಇವುಗಳಲ್ಲಿ ಮುಖ್ಯ. ಕಡಿಮೆ ವಾಸನೆ, ಕಡಿಮೆ ದ್ರಾವಕ, ಕಡಿಮೆ ಹಾನಿ ಈ ಮೂರೂ ಬೇರೆ ಬೇರೆ ಗುಣಗಳು. ಆಯ್ಕೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇವನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ. ಈ ಲೇಖನ ವಿಷಯವನ್ನು ಬೆಂಗಳೂರಿನ, ಅದರಲ್ಲೂ ಟಿನ್ ಫ್ಯಾಕ್ಟರಿ ಸುತ್ತಲಿನ ಪೂರ್ವಭಾಗದ ಮನೆಗಳ ಸಂದರ್ಭದಲ್ಲಿಟ್ಟು ವಿವರಿಸುತ್ತದೆ.

ಸ್ಥಳ ಮತ್ತು ಸಂದರ್ಭ

ಹಳೆ ಮದರಾಸು ರಸ್ತೆಗೆ ಹೊರವರ್ತುಲ ರಸ್ತೆ ಬಂದು ಕೂಡುವ ಕಡೆ ಟಿನ್ ಫ್ಯಾಕ್ಟರಿ ಎಂಬ ಕೂಡುರಸ್ತೆ ಇದೆ. ಪಕ್ಕದಲ್ಲೇ ಬೆನ್ನಿಗಾನಹಳ್ಳಿ ಕೆರೆ, ಆಚೆಗೆ ಜನ ಹ್ಯಾಂಗಿಂಗ್ ಬ್ರಿಡ್ಜ್ ಎನ್ನುವ ಕೆ.ಆರ್. ಪುರದ ಕೇಬಲ್ ಸೇತುವೆ. 1948ರಲ್ಲಿ ಸ್ಥಾಪನೆಯಾದ ಐಟಿಐ ದೂರವಾಣಿ ಕಾರ್ಖಾನೆ ಮತ್ತು ಅದರ ಸುತ್ತ ಬೆಳೆದ ದೂರವಾಣಿನಗರ, ಈಗ ಬಾಗಿಲು ಮುಚ್ಚಿರುವ ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ಇವೆಲ್ಲ ಈ ದಾರಿಯನ್ನು ಕಾರ್ಖಾನೆಗಳ ದಾರಿಯಾಗಿಸಿದ್ದವು. ಐಟಿ ಉದ್ಯಮ ಬೆಳೆದ ಮೇಲೆ ಅಪಾರ್ಟ್‌ಮೆಂಟುಗಳು ಎದ್ದವು. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೆ.ಆರ್. ಪುರ ನಡುವೆ ನೇರಳೆ ಮಾರ್ಗದ ಮೆಟ್ರೊ ಓಡತೊಡಗಿ ಬೆನ್ನಿಗಾನಹಳ್ಳಿಗೂ ನಿಲ್ದಾಣ ಬಂತು.

ಇಲ್ಲಿನ ಹಳೆಯ ಮನೆಗಳ ನೆಲ ಮರದ್ದಲ್ಲ. ರೆಡ್ ಆಕ್ಸೈಡ್, ಕಡಪ ಕಲ್ಲು, ಮೊಸಾಯಿಕ್, ಆಮೇಲೆ ವಿಟ್ರಿಫೈಡ್ ಟೈಲ್ಸ್ ಇದು ನೆಲದ ಸಾಮಾನ್ಯ ಚರಿತ್ರೆ. ಮರದ ನೆಲ ಬಂದದ್ದು ಅಪಾರ್ಟ್‌ಮೆಂಟಿನ ಮಲಗುವ ಕೋಣೆಗೆ, ಕಾಂಕ್ರೀಟ್ ಚಪ್ಪಡಿಯ ಮೇಲಿನ ಹೊದಿಕೆಯಾಗಿ. ಹಾಗಾಗಿ ವಾಸನೆಯ ಪ್ರಶ್ನೆ ಇಲ್ಲಿ ತೀವ್ರವಾಗುತ್ತದೆ. ಕೋಣೆ ಚಿಕ್ಕದು, ಕಿಟಕಿ ಸಾಮಾನ್ಯವಾಗಿ ಒಂದೇ ಬದಿಗೆ, ಗೋಡೆಯಾಚೆ ಇನ್ನೊಂದು ಸಂಸಾರ. ಕಿಟಕಿ ತೆರೆದಿಟ್ಟರೆ ಸಿಗ್ನಲ್‌ನಲ್ಲಿ ನಿಂತ ವಾಹನಗಳ ಹೊಗೆಯೂ ಕಾಮಗಾರಿಯ ದೂಳೂ ಒಳಬಂದು ಹಸಿ ಮೆರುಗಿಗೆ ಅಂಟುತ್ತವೆ. ಮುಚ್ಚಿಟ್ಟರೆ ಆವಿ ಒಳಗೇ ಉಳಿಯುತ್ತದೆ. ದೊಡ್ಡ ತೋಟದ ನಡುವಿನ ಬಂಗಲೆಯಲ್ಲಿ ನಡೆದುಹೋಗುವ ಪಾಲಿಷ್ ಕೆಲಸ ಇಲ್ಲಿ ನಡೆಯುವುದಿಲ್ಲ.

ವಾಸನೆಯ ಮೂಲ

ಮೆರುಗಿನಲ್ಲಿ ಎರಡು ಭಾಗಗಳಿವೆ: ಗಟ್ಟಿಯಾಗಿ ಉಳಿಯುವ ರಾಳ ಅಥವಾ ಎಣ್ಣೆ, ಅದನ್ನು ತೆಳುವಾಗಿ ಹರಡಲು ನೆರವಾಗಿ ಆವಿಯಾಗಿ ಹೋಗುವ ದ್ರಾವಕ. ವಾಸನೆ ಮೂರು ಮೂಲಗಳಿಂದ ಬರುತ್ತದೆ.

ಮೊದಲನೆಯದು ದ್ರಾವಕದ ವಾಸನೆ. ಥಿನ್ನರ್‌ನ ಟಾಲ್ಯೂಯಿನ್, ಝೈಲೀನ್, ಬ್ಯೂಟೈಲ್ ಅಸಿಟೇಟ್, ಮೆರುಗೆಣ್ಣೆಯ ಟರ್ಪೆಂಟೈನ್, ಅರಗಿನ ಪಾಲಿಷ್‌ನ ಸ್ಪಿರಿಟ್ ಈ ಗುಂಪಿನವು. ಇದು ಮೂಗಿಗೆ ಜೋರಾಗಿ ಬಡಿಯುತ್ತದೆ, ಬೇಗ ಇಳಿಯುತ್ತದೆ. ಎರಡನೆಯದು ರಾಸಾಯನಿಕ ಕ್ರಿಯೆಯ ವಾಸನೆ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆಗಳು ಗಟ್ಟಿಯಾಗುವುದು ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ. ಆ ಕ್ರಿಯೆಯಲ್ಲಿ ಹೆಕ್ಸನಾಲ್ ಮೊದಲಾದ ಆಲ್ಡಿಹೈಡ್‌ಗಳು ಬಿಡುಗಡೆಯಾಗುತ್ತವೆ. ಡಬ್ಬಿಯಲ್ಲಿ ಒಂದು ತೊಟ್ಟು ದ್ರಾವಕ ಇರದಿದ್ದರೂ ಕೋಣೆ ವಾರಗಟ್ಟಲೆ ಎಣ್ಣೆ ಎಣ್ಣೆಯಾಗಿ ನಾರುವುದು ಇದರಿಂದ. ಮೂರನೆಯದು ಮೆರುಗಿನದೇ ಅಲ್ಲದ ವಾಸನೆ: ಹಲಗೆಯ ಕೆಳಗಿನ ಅಂಟು, ಪ್ಲೈವುಡ್‌ನ ಯೂರಿಯಾ–ಫಾರ್ಮಾಲ್ಡಿಹೈಡ್ ರಾಳ, ಮರದ್ದೇ ಸಹಜ ತೈಲ. ಮೆರುಗು ಬದಲಿಸಿದರೂ ವಾಸನೆ ಹೋಗಲಿಲ್ಲ ಎಂಬ ದೂರಿಗೆ ಎಷ್ಟೋ ಸಲ ಕಾರಣ ಈ ಮೂರನೆಯದು.

ಗಾಳಿಗೆ ಸೇರುವ ಈ ಪದಾರ್ಥಗಳಿಗೆ ಒಟ್ಟಾಗಿ ಬಾಷ್ಪಶೀಲ ಸಾವಯವ ಸಂಯುಕ್ತಗಳು ಎಂದು ಹೆಸರು. ಡಬ್ಬಿಯ ಮೇಲೆ ವಿಒಸಿ ಎಂದು, ಲೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಅಚ್ಚಾಗಿರುತ್ತದೆ.

ಮೂಗಿನ ಮಿತಿ

ವಾಸನೆ ಅಪಾಯದ ಅಳತೆಯಲ್ಲ. ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ಪಾಲಿಷ್‌ನಲ್ಲಿ ಗಟ್ಟಿಯಾಗಲೆಂದು ಬೆರೆಸುವ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಇದಕ್ಕೆ ಸ್ಪಷ್ಟ ಉದಾಹರಣೆ. ಅದು ಮೂಗಿಗೆ ತಿಳಿಯುವ ಹೊತ್ತಿಗೆ ಗಾಳಿಯಲ್ಲಿನ ಪ್ರಮಾಣ ಕೆಲಸದ ಜಾಗಕ್ಕೆ ನಿಗದಿಯಾದ ಮಿತಿಯನ್ನು ದಾಟಿರುತ್ತದೆ. ಉಬ್ಬಸ ತರುವ ವಸ್ತುಗಳಲ್ಲಿ ಇದು ಪ್ರಮುಖ. ಒಮ್ಮೆ ಒಗ್ಗದಾದವರಿಗೆ ಆಮೇಲೆ ಅತ್ಯಲ್ಪ ಪ್ರಮಾಣವೂ ಸಾಕು. ಯುರೋಪಿನ ಒಕ್ಕೂಟದಲ್ಲಿ 2023ರ ಆಗಸ್ಟ್ 24ರಿಂದ ಡೈಐಸೊಸಯನೇಟ್ ಬಳಸುವ ವೃತ್ತಿನಿರತರಿಗೆ ತರಬೇತಿ ಕಡ್ಡಾಯವಾಗಿದೆ. ನೀರು ಆಧಾರಿತ ಮೆರುಗುಗಳಲ್ಲಿ ಹಿಂದೆ ಹೇರಳವಾಗಿ ಬಳಕೆಯಲ್ಲಿದ್ದ ಎನ್‌ಎಂಪಿ ಎಂಬ ದ್ರಾವಕವೂ ಇಂಥದ್ದೇ. ಅದರ ವಾಸನೆ ತೀರ ಸೌಮ್ಯ. ಆದರೆ ಗರ್ಭಸ್ಥ ಶಿಶುವಿಗೆ ಹಾನಿಕರವೆಂದು ವರ್ಗೀಕರಿಸಿ 2011ರಲ್ಲಿ ಯುರೋಪು ಅದನ್ನು ತೀವ್ರ ಕಾಳಜಿಯ ವಸ್ತುಗಳ ಪಟ್ಟಿಗೆ ಸೇರಿಸಿತು.

ಇದಕ್ಕೆ ವಿರುದ್ಧವಾಗಿ, ಅರಗಿನ ಪಾಲಿಷ್‌ನ ಸ್ಪಿರಿಟ್ ವಾಸನೆ ಬಳಿಯುವಾಗ ಕಟುವಾದರೂ ಅದೇ ದಿನ ಬಹುಪಾಲು ಇಳಿದುಹೋಗುತ್ತದೆ, ಹಿಂದೆ ಉಳಿಯುವ ಅರಗು ಔಷಧದ ಗುಳಿಗೆಗಳ ಹೊದಿಕೆಗೂ ಬಳಕೆಯಾಗುವ ವಸ್ತು. ಆದ್ದರಿಂದ ಎಷ್ಟು ನಾರುತ್ತದೆ ಎಂಬುದರ ಜೊತೆಗೆ ಏನು ನಾರುತ್ತದೆ, ಎಷ್ಟು ದಿನ ನಾರುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ.

ಕರ್ನಾಟಕದಲ್ಲಿ ಮೆರುಗಿನ ಪರಂಪರೆ

ಅರಗು, ಎಣ್ಣೆ, ಮೇಣ ಈ ಮೂರೂ ನಾಡಿಗೆ ಹೊಸವಲ್ಲ. ಬೆಂಗಳೂರು–ಮೈಸೂರು ರಸ್ತೆಯ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಕೊನೆಗೆ ಕೇದಗೆ ಜಾತಿಯ ಗಿಡದ ಓಲೆಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ದ್ರಾವಕವೇ ಬೇಕಿಲ್ಲದ ಈ ವಿಧಾನದಲ್ಲಿ ಆವಿಯಾಗಿ ಹೋಗುವಂಥದ್ದು ಏನೂ ಇಲ್ಲ. ತಿರುಗುವ ಮರಕ್ಕಷ್ಟೇ ಸಲ್ಲುವುದರಿಂದ ಹಾಸಿದ ಹಲಗೆಗೆ ಇದು ಒಗ್ಗುವುದಿಲ್ಲ. ನೆಲಕ್ಕೆ ಬಳಿಯಬೇಕಾದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಲೇಬೇಕು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಆರಂಭವಾಯಿತು. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್ ಎನಿಸಿರುವ ಇದು 1962ರಿಂದ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾಗಿದೆ. ಹುಟ್ಟಿದ್ದು ಮಾತ್ರ ಅರಗಿನ ಉದ್ಯಮವಾಗಿ. 1938ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾ ಪ್ರಯೋಗಾಲಯ ಶುರುವಾಯಿತು. ಅದೇ ಈಗಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಪ್ಲೈವುಡ್ ಮತ್ತು ಅದರ ಅಂಟುಗಳ ಸಂಶೋಧನೆಗೆಂದೇ ತುಮಕೂರು ರಸ್ತೆಯಲ್ಲಿ ಇಪಿರ್ಟಿ ಸಂಸ್ಥೆ ಬೆಳೆಯಿತು. ಕರಾವಳಿಯಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರಕ್ಕೂ ದೋಣಿಗೂ ಹಚ್ಚುವ ರೂಢಿಯಿದೆ. ಹುಳು ಬಾರದಂತೆ ಅದು ಕಾಯುತ್ತದೆ. ಆದರೆ ಕಪ್ಪು ಬಣ್ಣ, ಘಾಟು, ಚರ್ಮ ಸುಡುವ ಗುಣಗಳಿಂದಾಗಿ ಮನೆಯೊಳಗಿನ ನೆಲಕ್ಕೆ ತಕ್ಕದ್ದಲ್ಲ.

1809ರಲ್ಲಿ ಹುಟ್ಟಿದ ಬೆಂಗಳೂರಿನ ದಂಡು ಪ್ರದೇಶದಲ್ಲಿ ಬ್ರಿಟಿಷರ ಪೀಠೋಪಕರಣಗಳ ಜೊತೆಗೆ ಫ್ರೆಂಚ್ ಪಾಲಿಷ್ ಬೇರೂರಿತು. ತೆಳುವಾದ ಅರಗಿನ ದ್ರಾವಣವನ್ನು ಬಟ್ಟೆಯ ಉಂಡೆಯಿಂದ ಪದರ ಪದರವಾಗಿ ಉಜ್ಜುವ ಕೆಲಸವದು. ಆಮೇಲೆ ಮೆಲಮೈನ್, ಅದರ ಬೆನ್ನಿಗೆ ಪಿಯು ಬಂದವು. ಈಗ ಪಾಲಿಷ್ ಎಂದರೆ ಪಿಯು ಎನ್ನುವಷ್ಟು ಅದು ವ್ಯಾಪಿಸಿದೆ.

ಬಗೆಗಳು

ಅರಗಿನ ಪಾಲಿಷ್. ಮೇಣ ತೆಗೆದ ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಳಿಯಲಾಗುತ್ತದೆ. ಒಂದು ಪದರ ಗಂಟೆಯೊಳಗೆ ಒಣಗುತ್ತದೆ. ಬಿಸಿ ಲೋಟ, ಮದ್ಯ, ಸೋಡದಂಥ ಕ್ಷಾರಗಳಿಗೆ ಇದು ಸೋಲುತ್ತದೆ. ದಿನವೂ ನೆಲ ಒರೆಸುವ ಮನೆಯಲ್ಲಿ ಮೇಲ್ಪದರವಾಗಿ ಬಾಳುವುದಿಲ್ಲ. ಆದರೆ ಮರಕ್ಕೂ ಮೇಲಿನ ಮೆರುಗಿಗೂ ನಡುವಿನ ಸೀಲರ್ ಆಗಿ ಇದಕ್ಕೆ ಸಾಟಿ ಕಡಿಮೆ. ಮರದೊಳಗಿನ ತೈಲವನ್ನೂ ಹಳೆಯ ವಾಸನೆಯನ್ನೂ ತಡೆದು ನಿಲ್ಲಿಸುತ್ತದೆ.

ಮೆಲಮೈನ್ ಪಾಲಿಷ್. ಆಮ್ಲದ ನೆರವಿನಿಂದ ಗಟ್ಟಿಯಾಗುವ ರಾಳ. ಅಗ್ಗ, ಬೇಗ ಒಣಗುತ್ತದೆ. ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಕಣ್ಣುರಿ, ಗಂಟಲು ಕೆರೆತ ಅದರ ಗುರುತು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಫಾರ್ಮಾಲ್ಡಿಹೈಡನ್ನು 2004ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಒಳಾಂಗಣ ಗಾಳಿಯಲ್ಲಿ ಅದು ಅರ್ಧ ಗಂಟೆಯ ಸರಾಸರಿಯಲ್ಲಿ ಘನಮೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಮಲಗುವ ಕೋಣೆಯ ನೆಲಕ್ಕೆ ಈ ಪಾಲಿಷ್ ಸಲ್ಲದು.

ದ್ರಾವಕ ಆಧಾರಿತ ಎರಡು ಭಾಗದ ಪಿಯು. ಬೇಸ್, ಹಾರ್ಡನರ್, ಥಿನ್ನರ್ ಮೂರನ್ನೂ ಅಳೆದು ಬೆರೆಸಿ ಸಾಮಾನ್ಯವಾಗಿ ಗನ್‌ನಿಂದ ಸಿಂಪಡಿಸುತ್ತಾರೆ. ಗಟ್ಟಿತನ, ಹೊಳಪು, ನೀರು ತಡೆಯುವ ಶಕ್ತಿ ಎಲ್ಲದರಲ್ಲೂ ಮುಂದು. ವಾಸನೆಯಲ್ಲೂ ಮುಂದು. ಸಿಂಪಡಿಸುವಾಗ ಐಸೊಸಯನೇಟ್ ಸೂಕ್ಷ್ಮ ಹನಿಗಳಾಗಿ ಗಾಳಿಯಲ್ಲಿ ತೇಲುವುದರಿಂದ ಕೆಲಸಗಾರರಿಗೆ ಅಪಾಯ ಹೆಚ್ಚು. ಜನ ವಾಸವಿರುವ ಕಟ್ಟಡದಲ್ಲಿ ಇದನ್ನು ಬಿಡುವುದೇ ಲೇಸು.

ಒಂದೇ ಡಬ್ಬಿಯ ಎಣ್ಣೆ ಮಿಶ್ರಿತ ಪಾಲಿಯುರೆಥೇನ್. ಟರ್ಪೆಂಟೈನ್ ಆವಿಯಾಗಿ, ಎಣ್ಣೆ ಆಮ್ಲಜನಕ ಹೀರಿ, ಎರಡು ಬಗೆಯಲ್ಲಿ ಒಣಗುವುದರಿಂದ ಎರಡು ಬಗೆಯ ವಾಸನೆಯೂ ಉಂಟು. ಮರಕ್ಕೆ ಜೇನಿನ ಬಣ್ಣ ಬರುತ್ತದೆ, ವರ್ಷ ಕಳೆದಂತೆ ಹಳದಿ ಹೆಚ್ಚುತ್ತದೆ.

ನೀರು ಆಧಾರಿತ ಪಾಲಿಯುರೆಥೇನ್. ಪಾಲಿಯುರೆಥೇನ್‌ನ ಸೂಕ್ಷ್ಮ ಕಣಗಳು ನೀರಿನಲ್ಲಿ ತೇಲಿರುತ್ತವೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುತ್ತವೆ. ಬೆಸುಗೆಗೆಂದು ಸ್ವಲ್ಪ ಗ್ಲೈಕಾಲ್ ಈಥರ್, ಕಣಗಳನ್ನು ಸ್ಥಿರವಾಗಿಡಲು ಸ್ವಲ್ಪ ಅಮೈನ್ ಇರುತ್ತದೆ. ಬಳಿಯುವಾಗ ಮೂಗಿಗೆ ತಟ್ಟುವ ಅಮೋನಿಯದಂಥ ಸಣ್ಣ ವಾಸನೆ ಅದರದ್ದು, ಅದು ಬೇಗ ಇಳಿಯುತ್ತದೆ. ಪದರ ಎರಡು–ಮೂರು ಗಂಟೆಯಲ್ಲಿ ಒಣಗಿ ಅದೇ ದಿನ ಇನ್ನೊಂದು ಕೋಟ್ ಹಾಕಲು ಬರುತ್ತದೆ. ಒಂದು ದಿನದ ಮೇಲೆ ಬರಿಗಾಲಲ್ಲಿ ನಡೆಯಬಹುದು. ಪೂರ್ತಿ ಗಟ್ಟಿಯಾಗಲು ಒಂದರಿಂದ ಎರಡು ವಾರ ಬೇಕು. ಬಣ್ಣ ಹಳದಿಗೆ ತಿರುಗುವುದಿಲ್ಲ. ಇದರಲ್ಲೂ ಹಾರ್ಡನರ್ ಬೆರೆಸುವ ಎರಡು ಭಾಗದ ಬಗೆ ಹೆಚ್ಚು ಬಾಳುತ್ತದೆ. ಬೆರೆಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾರ್ಡನರ್ ಐಸೊಸಯನೇಟ್ ಜಾತಿಯದಾದರೆ ಕೈಗವಸು, ಮುಖವಾಡ ಬಿಡುವಂತಿಲ್ಲ.

ಎಣ್ಣೆ–ಮೇಣದ ಮಿಶ್ರಣ. ಅಗಸೆ, ಸೂರ್ಯಕಾಂತಿ ಮುಂತಾದ ಎಣ್ಣೆಗಳಿಗೆ ಕಾರ್ನೌಬ, ಕ್ಯಾಂಡೆಲಿಲ ಮೇಣ ಬೆರೆಸಿದ್ದು. ಮರದ ಮೇಲೆ ಪದರವಾಗುವುದಕ್ಕಿಂತ ಒಳಗಿಳಿದು ಗಟ್ಟಿಯಾಗುವುದೇ ಹೆಚ್ಚು. ಕಲೆ ಬಿದ್ದಲ್ಲಿ ಅಷ್ಟು ಜಾಗ ಮಾತ್ರ ಉಜ್ಜಿ ಮತ್ತೆ ಹಚ್ಚಬಹುದು, ಇಡೀ ಕೋಣೆ ಕೆರೆಯಬೇಕಿಲ್ಲ. ದ್ರಾವಕವಿರುವ, ಇಲ್ಲದ ಎರಡೂ ಬಗೆ ಸಿಗುತ್ತವೆ. ವಿಒಸಿ ಸೊನ್ನೆ ಎಂದು ಬರೆದಿದ್ದರೂ ಎಣ್ಣೆಯ ವಾಸನೆ ಕೆಲ ದಿನ ಇದ್ದೇ ಇರುತ್ತದೆ. ಕೆಲವರಿಗೆ ಅದು ಹಿತ, ಕೆಲವರಿಗೆ ತಲೆನೋವು. ಅರಿಶಿನ, ದೀಪದ ಎಣ್ಣೆಯ ಕಲೆಗಳಿಗೆ ಈ ನೆಲ ಪಾಲಿಯುರೆಥೇನ್‌ಗಿಂತ ಬೇಗ ಸಿಕ್ಕಿಬೀಳುತ್ತದೆ.

ಕಾರ್ಖಾನೆಯ ಮೆರುಗು. ಅಕ್ರಿಲೇಟ್ ರಾಳವನ್ನು ಹಲಗೆಗೆ ಬಳಿದು ನೇರಳಾತೀತ ದೀಪದ ಕೆಳಗೆ ಹಾಯಿಸಿದರೆ ಕ್ಷಣಗಳಲ್ಲಿ ಗಟ್ಟಿಯಾಗುತ್ತದೆ. ಸವೆತ ತಡೆಯಲು ಅಲ್ಯೂಮಿನಿಯಂ ಆಕ್ಸೈಡಿನ ಕಣಗಳನ್ನೂ ಸೇರಿಸುತ್ತಾರೆ. ಮನೆಗೆ ಬರುವ ಹೊತ್ತಿಗೆ ಮೆರುಗಿನ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕೊರತೆ ಎಂದರೆ ಹಲಗೆಗಳ ನಡುವಿನ ಸಂದಿಗೆ ಮೆರುಗು ಇರುವುದಿಲ್ಲ, ಚೆಲ್ಲಿದ ನೀರು ಅಲ್ಲಿ ಇಳಿಯುತ್ತದೆ. ಪ್ಲೈವುಡ್ ತಳವಿರುವ ಎಂಜಿನಿಯರ್ಡ್ ಹಲಗೆಯಾದರೆ ಆ ತಳದ ಅಂಟು ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ1 ದರ್ಜೆಯದೇ ಎಂದು ವಿಚಾರಿಸಬೇಕು. ಇಲ್ಲದಿದ್ದರೆ ಮೇಲೆ ಉಳಿಸಿದ ವಾಸನೆ ಕೆಳಗಿನಿಂದ ಬರುತ್ತದೆ.

ಅಂಕಿಗಳನ್ನು ಓದುವ ಬಗೆ

ಯುರೋಪಿನ 2004ರ ನಿರ್ದೇಶನದ ಪ್ರಕಾರ ಮರಗೆಲಸಕ್ಕೆ ಬಳಸುವ ಮೆರುಗೆಣ್ಣೆಗಳಲ್ಲಿ 2010ರಿಂದ ದ್ರಾವಕ ಆಧಾರಿತಕ್ಕೆ ಲೀಟರಿಗೆ 400 ಗ್ರಾಂ, ನೀರು ಆಧಾರಿತಕ್ಕೆ 130 ಗ್ರಾಂ ವಿಒಸಿ ಮಿತಿ. ಹನ್ನೆರಡು ಅಡಿ ಚೌಕದ ಕೋಣೆ ಸುಮಾರು 13.4 ಚದರ ಮೀಟರ್. ಲೀಟರಿಗೆ ಹತ್ತು ಚದರ ಮೀಟರ್ ಎಂದು ಹಿಡಿದರೆ ಮೂರು ಕೋಟ್‌ಗೆ ಸುಮಾರು ನಾಲ್ಕು ಲೀಟರ್ ಬೇಕು. ಮೊದಲ ಬಗೆಯಲ್ಲಿ ಮಿತಿಯೊಳಗಿದ್ದೂ 1,600 ಗ್ರಾಂ, ಎರಡನೆಯದರಲ್ಲಿ 520 ಗ್ರಾಂ ದ್ರಾವಕ ಆ ಒಂದು ಕೋಣೆಯ ಗಾಳಿಗೆ ಸೇರುತ್ತದೆ. ನೀರು ಆಧಾರಿತ ಎಂದರೆ ಬರೀ ನೀರು ಎಂದು ತಿಳಿಯುವುದು ತಪ್ಪೆಂಬುದಕ್ಕೂ, ಆದರೂ ವ್ಯತ್ಯಾಸ ದೊಡ್ಡದೆಂಬುದಕ್ಕೂ ಈ ಲೆಕ್ಕವೇ ಸಾಕ್ಷಿ.

ಅಮೆರಿಕದ ಅಂಕಿಗಳನ್ನು ಹೋಲಿಸುವಾಗ ಎಚ್ಚರ ಬೇಕು. ಅಲ್ಲಿ ನೀರಿನ ಪಾಲನ್ನು ಕಳೆದು ಉಳಿದದ್ದರ ಲೆಕ್ಕದಲ್ಲಿ ವಿಒಸಿ ಹೇಳುವುದರಿಂದ ಅದೇ ಮೆರುಗಿಗೆ ಅಂಕಿ ಹೆಚ್ಚು ಕಾಣುತ್ತದೆ. ಲಾಸ್ ಏಂಜಲೀಸ್ ಸುತ್ತಲಿನ ವಾಯು ಗುಣಮಟ್ಟ ಮಂಡಳಿಯ ನಿಯಮದಲ್ಲಿ ಪಾರದರ್ಶಕ ಮರದ ಮೆರುಗಿಗಿರುವ 275 ಗ್ರಾಂ ಮಿತಿ ಈ ಲೆಕ್ಕದ್ದು.

ಡಬ್ಬಿಯಲ್ಲಿ ಎಷ್ಟಿದೆ ಎನ್ನುವುದಕ್ಕಿಂತ ನೆಲದಿಂದ ಎಷ್ಟು ಹೊರಬರುತ್ತದೆ ಎಂದು ಅಳೆಯುವುದು ಇನ್ನೂ ಉಪಯುಕ್ತ. ಜರ್ಮನಿಯ ಪದ್ಧತಿಯಲ್ಲಿ ಮೆರುಗು ಬಳಿದ ಮಾದರಿಯನ್ನು ಪೆಟ್ಟಿಗೆಯಲ್ಲಿಟ್ಟು 3ನೇ ಮತ್ತು 28ನೇ ದಿನ ಗಾಳಿಯನ್ನು ಪರೀಕ್ಷಿಸುತ್ತಾರೆ. 28ನೇ ದಿನ ಒಟ್ಟು ಆವಿ ಘನಮೀಟರಿಗೆ 1 ಮಿಲಿಗ್ರಾಂ ಮೀರಬಾರದು. ಎಮಿಕೋಡ್ ಇಸಿ1, ಫ್ರಾನ್ಸಿನ ಎ+ ಮುದ್ರೆಗಳೂ ಇಂಥ ಪರೀಕ್ಷೆಯನ್ನೇ ಆಧರಿಸಿವೆ. ಆಮದು ಮೆರುಗಿನ ಡಬ್ಬಿಗಳ ಮೇಲೆ ಇವು ಕಾಣಸಿಗುತ್ತವೆ. ಭಾರತದಲ್ಲಿ ಐಜಿಬಿಸಿ, ಗೃಹ ಎಂಬ ಹಸಿರು ಕಟ್ಟಡ ಶ್ರೇಣಿಗಳು ಕಡಿಮೆ ವಿಒಸಿಯ ಬಣ್ಣ, ಅಂಟುಗಳಿಗೆ ಅಂಕ ಕೊಡುತ್ತವೆ.

ಮರದ ಜಾತಿ

ಒಂದೇ ಮೆರುಗು ಎರಡು ಮರಗಳ ಮೇಲೆ ಎರಡು ರೀತಿ ಒಣಗುತ್ತದೆ. ತೇಗ ಮತ್ತು ಬೀಟೆಯೊಳಗಿನ ಸಹಜ ರಾಸಾಯನಿಕಗಳು ಎಣ್ಣೆ ಆಮ್ಲಜನಕ ಹೀರುವ ಕ್ರಿಯೆಯನ್ನು ತಡೆಯುತ್ತವೆ. ಎಣ್ಣೆ ಮಿಶ್ರಿತ ಮೆರುಗು ಇವುಗಳ ಮೇಲೆ ದಿನಗಟ್ಟಲೆ ಅಂಟಂಟಾಗಿ ಉಳಿದು ವಾಸನೆಯೂ ಅಷ್ಟೇ ಕಾಲ ಎಳೆಯುತ್ತದೆ. ಮೇಣ ತೆಗೆದ ಅರಗಿನ ಒಂದು ತೆಳು ಸೀಲರ್ ಕೋಟ್ ಹಾಕಿ ಅದರ ಮೇಲೆ ನೀರು ಆಧಾರಿತ ಮೆರುಗು ಬಳಿದರೆ ಈ ತೊಡಕು ತಪ್ಪುತ್ತದೆ. ಹೊನ್ನೆಯ ಕಥೆ ಬೇರೆ. ಹೊನ್ನೆಮರದ ಲೋಟದಲ್ಲಿ ರಾತ್ರಿ ಇಟ್ಟ ನೀರು ಬೆಳಗ್ಗೆ ಕೆಂಗಂದಾಗುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾಗುತ್ತದೆ: ನೀರು ಆಧಾರಿತ ಮೆರುಗೂ ಆ ಬಣ್ಣವನ್ನು ಎಳೆದು ಮಚ್ಚೆ ಮಾಡಬಹುದು, ಸೀಲರ್ ಇಲ್ಲದೆ ಬಳಿಯಬಾರದು. ಮತ್ತಿ, ಓಕ್‌ಗಳಲ್ಲಿ ಟ್ಯಾನಿನ್ ಹೆಚ್ಚು. ಇವನ್ನು ಉಕ್ಕಿನ ನಾರಿನಿಂದ ಉಜ್ಜಿ ನೀರು ಆಧಾರಿತ ಮೆರುಗು ಬಳಿದರೆ ಕಬ್ಬಿಣದ ಚೂರುಗಳ ಸುತ್ತ ಕಪ್ಪು ಚುಕ್ಕೆ ಏಳುತ್ತದೆ.

ಹಲಗೆಯ ತೇವವೂ ಮುಖ್ಯ. ಹಸಿ ಮರದ ಮೇಲೆ ಯಾವ ಮೆರುಗೂ ನಿಲ್ಲದು. ತೇವಮಾಪಕದಲ್ಲಿ ಶೇ. 8ರಿಂದ 12ರೊಳಗೆ ಇಳಿದ ಮೇಲೆ, ಕೋಣೆಯಲ್ಲೇ ಕೆಲ ದಿನ ಹಾಗೆ ಬಿಟ್ಟು ಹಾಸುವುದು ವಾಡಿಕೆ.

ಹವೆ ಮತ್ತು ಕಾಲ

ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ. ಸೆಪ್ಟೆಂಬರ್ ಅತಿ ಹೆಚ್ಚಿನ ಮಳೆಯ ತಿಂಗಳು. ಗಾಳಿ ತೇವವಾಗಿದ್ದಾಗ ನೀರು ಆಧಾರಿತ ಮೆರುಗು ಆರುವುದು ನಿಧಾನ, ಕಣಗಳ ಬೆಸುಗೆಯೂ ಕೆಡುತ್ತದೆ. ಅರಗಿನ ಪಾಲಿಷ್‌ನಲ್ಲಿ ಸ್ಪಿರಿಟ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲಿ ಕೂತು ಪದರ ಬಿಳಿಚಿಕೊಳ್ಳುತ್ತದೆ. ಫೆಬ್ರುವರಿ–ಮಾರ್ಚ್‌ನ ಮಧ್ಯಾಹ್ನಗಳಲ್ಲಿ ತೇವಾಂಶ ಶೇ. 30ರ ಆಸುಪಾಸಿಗೆ ಇಳಿದು ನೀರು ಆಧಾರಿತ ಮೆರುಗು ಕುಂಚದ ಗೆರೆ ಮಾಯುವ ಮೊದಲೇ ಆರಿಬಿಡುವುದುಂಟು. ಮಳೆ ನಿಂತ ನವೆಂಬರ್ ಕೊನೆಯಿಂದ ಜನವರಿವರೆಗಿನ ಹಗಲು ಈ ಕೆಲಸಕ್ಕೆ ಹದವಾದದ್ದು. ರಾತ್ರಿಯ ಚಳಿಗೆ ಮುನ್ನ ಆರುವಂತೆ ಬೆಳಗ್ಗೆಯೇ ಬಳಿಯಬೇಕು.

ಟಿನ್ ಫ್ಯಾಕ್ಟರಿಯಂಥ ಕೂಡುರಸ್ತೆಯ ಬಳಿ ದೂಳು–ಆವಿಗಳ ಇಕ್ಕಟ್ಟಿಗೆ ಪರಿಹಾರ ಇಷ್ಟು: ರಸ್ತೆ ಕಡೆಯ ಕಿಟಕಿ ಮುಚ್ಚಿ, ಮನೆಯ ಹಿಂಬದಿಯ ಕಿಟಕಿಗೆ ಗಾಳಿಯನ್ನು ಹೊರಕ್ಕೆ ತಳ್ಳುವ ಎಗ್ಸಾಸ್ಟ್ ಫ್ಯಾನ್ ಕೂರಿಸಿ, ಗಾಳಿ ಒಳಬರುವ ದಾರಿಗೆ ಒದ್ದೆ ಬಟ್ಟೆ ಇಳಿಬಿಡಬೇಕು. ಹೊರಬಾಗಿಲ ಕೆಳಗಿನ ಸಂದಿ ಮುಚ್ಚಿದರೆ ಆವಿ ನೆರೆಮನೆಯ ಓಣಿಗೆ ಹೋಗುವುದಿಲ್ಲ. ಪದರ ಹಸಿಯಿರುವಾಗ ಸೀಲಿಂಗ್ ಫ್ಯಾನ್ ಹಾಕಬಾರದು. ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ ಧಾರಾಳ ಗಾಳಿ ಬಿಡಬೇಕು. ಎ.ಸಿ. ಹಾಕಿದರೆ ತಂಪಾಗುತ್ತದೆಯೇ ಹೊರತು ಅದೇ ಗಾಳಿ ಸುತ್ತುವುದರಿಂದ ವಾಸನೆ ಹೋಗುವುದಿಲ್ಲ.

ಬಳಿಯುವ ಕ್ರಮ

ಹಾಸಿದ ಹಲಗೆಯನ್ನು 60, 80, ಆಮೇಲೆ 120 ಸಂಖ್ಯೆಯ ಉಪ್ಪುಕಾಗದದಿಂದ ಉಜ್ಜಿ ಮಟ್ಟ ಮಾಡುತ್ತಾರೆ. ಮರದ ಹುಡಿ ಕೂಡ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿರುವುದರಿಂದ ದೂಳು ಹೀರುವ ಯಂತ್ರವಿರುವ ಸ್ಯಾಂಡರ್ ಬೇಕು. ನೀರು ಆಧಾರಿತ ಮೆರುಗಿನ ಮೊದಲ ಕೋಟ್‌ಗೆ ಮರದ ನಾರು ಎದ್ದು ಮೇಲ್ಮೈ ಒರಟಾಗುತ್ತದೆ. ಇದು ದೋಷವಲ್ಲ. ಆರಿದ ಮೇಲೆ ನಯವಾದ ಕಾಗದದಿಂದ ಹಗುರವಾಗಿ ಉಜ್ಜಿ ಮುಂದಿನ ಕೋಟ್ ಹಾಕುತ್ತಾರೆ. ಮೂರು ತೆಳು ಕೋಟ್ ಒಂದು ದಪ್ಪ ಕೋಟ್‌ಗಿಂತ ಮೇಲು. ದಪ್ಪ ಪದರದ ಮೇಲ್ಭಾಗ ಬೇಗ ಬಿಗಿದು ಒಳಗಿನ ದ್ರಾವಕ ಸಿಕ್ಕಿಕೊಳ್ಳುತ್ತದೆ, ವಾಸನೆ ವಾರಗಟ್ಟಲೆ ಸೋರುತ್ತದೆ. ನೆಲಕ್ಕೆ ಗನ್‌ಗಿಂತ ರೋಲರ್ ಅಥವಾ ಅಗಲ ಕುಂಚ ಸುರಕ್ಷಿತ.

ಎಲ್ಲಕ್ಕೂ ಮೊದಲು ಅದೇ ಮರದ ಉಳಿದ ತುಂಡಿಗೆ ಅದೇ ಕ್ರಮದಲ್ಲಿ ಬಳಿದು, ಒಣಗಿದ ಮೇಲೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟು ತೆರೆದು ಮೂಸುವುದು ಒಳ್ಳೆಯ ಪರೀಕ್ಷೆ. ಮನೆಯಲ್ಲಿ ಉಬ್ಬಸದವರು, ಬಸುರಿ, ಕೂಸು ಇದ್ದರೆ ಈ ತುಂಡು ಅಂಗಡಿಯವರ ಮಾತಿಗಿಂತ ಹೆಚ್ಚು ಹೇಳುತ್ತದೆ. ಐಸೊಸಯನೇಟ್‌ನಂಥ ವಾಸನೆಯಿಲ್ಲದವುಗಳ ವಿಷಯದಲ್ಲಿ ಮಾತ್ರ ಇದು ನೆರವಾಗದು. ಅದಕ್ಕೆ ತಯಾರಕರ ಸುರಕ್ಷತಾ ಮಾಹಿತಿ ಪತ್ರವನ್ನೇ ಕೇಳಿ ಪಡೆದು ಓದಬೇಕು.

ಬೆಂಕಿ ಮತ್ತು ಸುರಕ್ಷತೆ

ಟಾಲ್ಯೂಯಿನ್‌ನ ಆವಿಗೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ತಾಗಿದರೆ ಬೆಂಕಿ ಹತ್ತುತ್ತದೆ. ಸ್ಪಿರಿಟ್‌ಗೆ ಸುಮಾರು 15 ಡಿಗ್ರಿ ಸಾಕು. ಈ ಆವಿಗಳು ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಿದು ಪಕ್ಕದ ಕೋಣೆ ಸೇರುತ್ತವೆ. ಆದ್ದರಿಂದ ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ, ಸ್ವಿಚ್ಚಿನ ಕಿಡಿ ಎಲ್ಲದರಿಂದ ದೂರವಿರಬೇಕು. ಎಣ್ಣೆ ಹಚ್ಚಿದ ಬಟ್ಟೆಯ ಅಪಾಯ ಇನ್ನೊಂದು ಬಗೆಯದು. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಉಂಡೆ ಮಾಡಿ ಮೂಲೆಗೆಸೆದ ಬಟ್ಟೆಯಲ್ಲಿ ಆ ಬಿಸಿ ಕೂಡಿ, ಕಿಡಿಯೇ ಇಲ್ಲದೆ ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹೊರಗೆ ಬಿಡಿಸಿ ಹರಡಬೇಕು, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಬೇಕು. ದ್ರಾವಕವಿಲ್ಲದ ‘ನೈಸರ್ಗಿಕ’ ಎಣ್ಣೆಗೂ ಈ ಮಾತು ಅನ್ವಯಿಸುತ್ತದೆ.

ಮುಖಕ್ಕೆ ಕಟ್ಟುವ ಬಟ್ಟೆ, ಎನ್95 ಮುಖವಾಡ ದೂಳು ತಡೆಯುತ್ತವೆ, ಆವಿಯನ್ನಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು. ಮನೆಯವರು ಎರಡು ದಿನ ಬೇರೆಡೆ ಹೋಗಿ ವಾಸನೆ ತಪ್ಪಿಸಿಕೊಳ್ಳಬಹುದು. ಪಾಲಿಷ್ ಮಾಡುವವರು ಮಾರನೆಯ ದಿನ ಇನ್ನೊಂದು ಮನೆಯ ಆವಿಯಲ್ಲಿರುತ್ತಾರೆ. ಅವರ ರಕ್ಷಣೆಯ ಖರ್ಚು ಕೆಲಸದ ಲೆಕ್ಕದಲ್ಲಿ ಸೇರಿರಬೇಕು.

ಆಯ್ಕೆ ಮತ್ತು ನಿರ್ವಹಣೆ

ವಾಸನೆಯೇ ಮುಖ್ಯ ಚಿಂತೆಯಾದವರಿಗೆ ಮೊದಲ ಆಯ್ಕೆ ಕಾರ್ಖಾನೆಯ ಮೆರುಗಿನ ಹಲಗೆ. ಹಲಗೆಯನ್ನು ಮನೆಯಲ್ಲೇ ಹಾಸಿ ಉಜ್ಜುವುದಾದರೆ ನೀರು ಆಧಾರಿತ ಪಾಲಿಯುರೆಥೇನ್, ತೇಗ–ಬೀಟೆ–ಹೊನ್ನೆಗೆ ಅಡಿಯಲ್ಲಿ ಅರಗಿನ ಸೀಲರ್. ಮಕ್ಕಳ ಓಡಾಟವಿರುವ ಹಾಲ್‌ಗೆ ಎರಡು ಭಾಗದ ಬಗೆ. ಮರದ ಸಹಜ ಸ್ಪರ್ಶ ಬಯಸಿ ಎಣ್ಣೆಯ ವಾಸನೆಯನ್ನು ಕೆಲ ದಿನ ಸಹಿಸುವವರಿಗೆ ಎಣ್ಣೆ–ಮೇಣದ ಮಿಶ್ರಣ, ಆದರೆ ಬೀಟೆ, ತೇಗಕ್ಕೆ ಅವುಗಳಿಗೆಂದೇ ತಯಾರಾದ ಬಗೆ.

ಮೆರುಗು ಪೂರ್ತಿ ಗಟ್ಟಿಯಾಗುವವರೆಗೆ ಜಮಖಾನ ಹಾಸಬಾರದು, ಒದ್ದೆ ಬಟ್ಟೆಯಿಂದ ಒರೆಸಬಾರದು. ಆಮೇಲೂ ಬಕೆಟ್ ನೀರು, ಫಿನೈಲ್ ಬೇಡ, ಹಿಂಡಿದ ಬಟ್ಟೆ ಸಾಕು. ಚಪ್ಪಲಿಯನ್ನು ಹೊರಗೆ ಬಿಡುವ ನಮ್ಮ ರೂಢಿ ಮರದ ನೆಲದ ಆಯಸ್ಸನ್ನು ಹೆಚ್ಚಿಸುತ್ತದೆ. ಮೆರುಗನ್ನು ಸವೆಸುವುದು ಕಾಲಲ್ಲ, ಅದಕ್ಕಂಟಿದ ಮರಳು. ಪಾಲಿಯುರೆಥೇನ್ ಮೇಲೆ ಮೇಣ ಹಚ್ಚಿದರೆ ಮುಂದಿನ ಕೋಟ್ ಹಿಡಿಯುವುದಿಲ್ಲ.

ಮೊದಲ ಮೆರುಗು ಸಾಮಾನ್ಯವಾಗಿ ಗೃಹಪ್ರವೇಶಕ್ಕೆ ಮುನ್ನ, ಖಾಲಿ ಮನೆಯಲ್ಲಿ ಮುಗಿದಿರುತ್ತದೆ. ಎಷ್ಟು ನಾರಿದರೂ ಆಗ ನಡೆಯುತ್ತದೆ. ಕೆಲ ವರ್ಷಗಳ ಮೇಲೆ ಸವೆದ ಪದರಕ್ಕೆ ಮತ್ತೊಂದು ಕೋಟ್ ಹಾಕುವಾಗ ಮನೆ ತುಂಬ ಜನ, ಬಟ್ಟೆಬರೆ, ಅಡುಗೆ, ಓದುವ ಮಕ್ಕಳು ಇರುತ್ತಾರೆ. ಆ ಎರಡನೇ ಸಲಕ್ಕೆ ಹಳೆಯ ಪದರದ ಜಾತಿಯೇ ದಾರಿ ನಿರ್ಧರಿಸುತ್ತದೆ: ನೀರು ಆಧಾರಿತದ ಮೇಲೆ ಹಗುರವಾಗಿ ಉಜ್ಜಿ ಅದನ್ನೇ ಮತ್ತೆ ಬಳಿಯಬಹುದು, ಎಣ್ಣೆಯ ನೆಲಕ್ಕೆ ಬೇಕಾದಲ್ಲಿ ಮಾತ್ರ ಹಚ್ಚಬಹುದು, ದ್ರಾವಕದ ಪಿಯು ಆದರೆ ಕೆರೆದು ಹೊಸದಾಗಿ ಶುರು ಮಾಡುವ ಸಂದರ್ಭವೇ ಹೆಚ್ಚು. ಹಾಗಾಗಿ ಹೊಸ ನೆಲಕ್ಕೆ ಮೆರುಗು ಆರಿಸುವವರು ಮನೆಯಲ್ಲಿ ಇದ್ದುಕೊಂಡೇ ಮತ್ತೆ ಬಳಿಯಲು ಬರುವಂಥದ್ದನ್ನು ಆರಿಸಿದರೆ ಮೊದಲ ಸಲದ ಖರ್ಚು ಸ್ವಲ್ಪ ಹೆಚ್ಚಾದರೂ ನಷ್ಟವಿಲ್ಲ.